ಜಾಲ ನಿರ್ವಹಣೆಯಲ್ಲಿ ನೋಂದಣಿಯ ಸ್ಥಾನ

1976ರಲ್ಲಿ ದೆಹಲಿಯಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಜಾಲವು ಜಿಲ್ಲೆಗಳವರೆಗೂ ಹಬ್ಬಿದೆ. ಇಂತಹ ಜಾಲಗಳಲ್ಲಿ ದೂರದ ಯಂತ್ರಗಳ ಸ್ಥಿತಿಯನ್ನು ಅರಿಯಲು 1988ರಲ್ಲಿ ರೂಪುಗೊಂಡ ಎಸ್‌ಎನ್‌ಎಂಪಿ ಎಂಬ ಕ್ರಮವುಂಟು. ಅದರಂತೆ ಪ್ರತಿ ಯಂತ್ರದಲ್ಲಿಯೂ ಏಜೆಂಟ್ ಎಂಬ ತಂತ್ರಾಂಶವಿದ್ದು, ಸಂಖ್ಯಾರೂಪದ ವಿಳಾಸ ಹೊತ್ತು ಬಂದ ಪ್ರಶ್ನೆಗಳನ್ನು ಸ್ವೀಕರಿಸುತ್ತದೆ, 1.3.6.1.2.1.2 ಎಂಬುದು ಸಂಪರ್ಕದ್ವಾರಗಳ ಶಾಖೆ.

ಏಜೆಂಟು ಸಚಿವಾಲಯದ ಟಪಾಲು ವಿಭಾಗದಂತೆ. ಪತ್ರವನ್ನು ಸಂಬಂಧಪಟ್ಟ ಮೇಜಿಗೆ ಮುಟ್ಟಿಸುವುದಷ್ಟೇ ಅದರ ಕೆಲಸ. ಉತ್ತರಿಸುವ ಕ್ರಮವಿಧಿಗೆ ಹ್ಯಾಂಡ್ಲರ್ ಎಂದು ಹೆಸರು. ಯಾವ ಶಾಖೆ ಯಾವ ಹ್ಯಾಂಡ್ಲರಿನದೆಂಬುದನ್ನು ಮೊದಲೇ ನೋಂದಾಯಿಸಿರಬೇಕು. ಉಪಶಾಖೆಗೆ ಪ್ರತ್ಯೇಕ ಹ್ಯಾಂಡ್ಲರಿದ್ದರೆ ಅಲ್ಲಿಯ ಪ್ರಶ್ನೆ ಅದಕ್ಕೇ ಸಲ್ಲುತ್ತದೆ.

ನೋಂದಣಿ ತಪ್ಪಿದರೆ, ದ್ವಾರವು ನೆಟ್ಟಗಿದ್ದರೂ ‘ಅಂತಹ ವಸ್ತುವಿಲ್ಲ’ ಎಂಬ ಉತ್ತರವೇ ಹೋಗುತ್ತದೆ. ಆದುದರಿಂದ ಯಂತ್ರವನ್ನು ದೂರುವ ಮುನ್ನ ನೋಂದಣಿಯನ್ನು ಪರಿಶೀಲಿಸತಕ್ಕದ್ದು.