ನಿಮಗಿದು ಗೊತ್ತೆ? ಕಾಫಿ ಚೀಲಕ್ಕೆ ‘ಓಟಿ’ ಲೆಕ್ಕ

ಕೊಡಗಿನ ಬೆಳೆಗಾರರು ಒಣಗಿಸಿದ ರೊಬಸ್ಟಾ ಕಾಫಿ ಹಣ್ಣನ್ನು (ಚೆರಿ) 50 ಕೆ.ಜಿ. ಚೀಲದಲ್ಲಿ ತಂದರೆ ವ್ಯಾಪಾರಿ ಬರೀ ತೂಕ ನೋಡಿ ದುಡ್ಡು ಎಣಿಸುವುದಿಲ್ಲ. ಒಂದಿಷ್ಟು ಮಾದರಿ ತೆಗೆದು, ಸಿಪ್ಪೆ ಬಿಡಿಸಿ, ತೇವಾಂಶ ಪರೀಕ್ಷಿಸಿ, ಬೀಜ ತೂಗುತ್ತಾರೆ. ಇಡೀ ಚೀಲಕ್ಕೆ ಎಷ್ಟು ಕೆ.ಜಿ. ಬೀಜ ಸಿಕ್ಕೀತೋ ಅದೇ ಔಟ್‌ಟರ್ನ್, ಆಡುಮಾತಿನ ‘ಓಟಿ’. ಸಾಮಾನ್ಯವಾಗಿ 26ರ ಆಸುಪಾಸು. ದಿನದ ದರವನ್ನು ಓಟಿಯಿಂದ ಗುಣಿಸಿದರೆ ಚೀಲದ ಬೆಲೆ. ಆ ದರವೋ, ದೂರದ ಲಂಡನ್ ಪೇಟೆ ಕುಣಿಸಿದಂತೆ ಕುಣಿಯುತ್ತದೆ! ಮುಂದೆ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸಿಪ್ಪೆ ಕಳಚಿ, ಗಾತ್ರವಾರು ವಿಂಗಡಿಸಿದ ಬೀಜ ಹುರಿಯುವವರ ಕೈಸೇರುತ್ತದೆ. ಹಿಂದೆ ಈ ಚೌಕಾಸಿಯೇ ಇರಲಿಲ್ಲ. ಬೆಳೆಯನ್ನು ಕಾಫಿ ಮಂಡಳಿಯ ಸಾಮೂಹಿಕ ಸಂಗ್ರಹವಾದ ಪೂಲ್‌ಗೆ ಒಪ್ಪಿಸಿ, ಕಂತಿನ ಹಣಕ್ಕೆ ಕಾಯಬೇಕಿತ್ತು. 1990ರ ದಶಕದಲ್ಲಿ ಹಂತಹಂತವಾಗಿ ಈ ಕಟ್ಟು ಸಡಿಲಿ, 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು.