ಮಣ್ಣಿನ ಹಬ್ಬಗಳು (ಗದಗ ಸೀಮೆ)

ಮಣ್ಣಿನ ಹಬ್ಬಗಳು ಎಂದರೆ ಮುಂಗಾರಿನ ಆರಂಭದಿಂದ ಭಾದ್ರಪದ ಹುಣ್ಣಿಮೆಯವರೆಗೆ ಉತ್ತರ ಕರ್ನಾಟಕದಲ್ಲಿ ಹಸಿಮಣ್ಣಿನ ಮೂರ್ತಿಗಳನ್ನು ಮಾಡಿ ಪೂಜಿಸುವ ಐದು ಆಚರಣೆಗಳು. ಮಣ್ಣೆತ್ತಿನ ಅಮಾವಾಸ್ಯೆ, ಗುಳ್ಳವ್ವನ ಪೂಜೆ, ನಾಗರ ಪಂಚಮಿ, ಗಣೇಶ ಚೌತಿ ಮತ್ತು ಜೋಕುಮಾರನ ಹಬ್ಬ ಇವೇ ಆ ಐದು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿ ಪರಿಸರದಲ್ಲಿ ಇವು ಬೇಸಾಯದ ವರ್ಷದೊಂದಿಗೆ ಹೆಣೆದುಕೊಂಡಿವೆ. ಐದರಲ್ಲಿಯೂ ಮೂರ್ತಿಯ ಆಯುಷ್ಯ ಅಲ್ಪ. ಪೂಜೆ ಮುಗಿದ ಮೇಲೆ ಮಣ್ಣು ಮಣ್ಣಿಗೇ ಮರಳುತ್ತದೆ.

ಹಿನ್ನೆಲೆ

ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿರುವ ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾಗುತ್ತದೆ. ಇಲ್ಲಿ ಎರೆ ಮತ್ತು ಮಸಾರಿ ಎಂಬ ಎರಡು ಬಗೆಯ ಭೂಮಿಗಳಿವೆ. ಹೆಸರು, ಶೇಂಗಾ ಮುಂಗಾರಿನ ಬೆಳೆಗಳು. ಬಿಳಿಜೋಳ, ಕಡಲೆ, ಕುಸುಬೆ ಹಿಂಗಾರಿನವು. ಬ್ರಿಟಿಷರ ಕಾಲದಲ್ಲಿ ಗದಗ ಮತ್ತು ಮುಂಡರಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದರೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಸೇರಿದ್ದವು. 1997ರಲ್ಲಿ ಇವೆಲ್ಲವೂ ಹೊಸ ಗದಗ ಜಿಲ್ಲೆಯ ಭಾಗಗಳಾದವು. ಆಳಿದವರು ಬೇರೆಯಾಗಿದ್ದರೂ ಮಳೆ-ಬೆಳೆಯ ಲೆಕ್ಕ ಒಂದೇ ಆಗಿತ್ತು.

ಮಣ್ಣೆತ್ತಿನ ಅಮಾವಾಸ್ಯೆ

ಜ್ಯೇಷ್ಠ ಮಾಸದ ಕಾರಹುಣ್ಣಿಮೆಯಲ್ಲಿ ಜೀವಂತ ಎತ್ತುಗಳನ್ನು ಸಿಂಗರಿಸಿ ಕರಿ ಹರಿಯುತ್ತಾರೆ. ಹದಿನೈದು ದಿನಗಳ ಅನಂತರ ಬರುವ ಅಮಾವಾಸ್ಯೆಯಂದು ಮಣ್ಣಿನ ಜೋಡೆತ್ತುಗಳನ್ನು ಮೇವು ಹಾಕುವ ಗೋದಲಿಯ ಸಮೇತ ಜಗಲಿಯ ಮೇಲಿಟ್ಟು ಹೋಳಿಗೆ, ಕಡಬುಗಳ ನೈವೇದ್ಯ ಮಾಡುತ್ತಾರೆ. ಮರುದಿನ ಮಕ್ಕಳು ಕಾಲು ಮುರಿದ ಕುಂಟೆತ್ತೊಂದನ್ನು ಹೊತ್ತು ಮನೆಮನೆಗೆ ಹೋಗಿ ಕಾಳು, ಕಾಸು ಬೇಡುತ್ತಾರೆ. ಇಂಗ್ಲೆಂಡಿನ ಹಳ್ಳಿಗಳಲ್ಲಿಯೂ ಜನವರಿ 6ರ ಎಪಿಫನಿ ಹಬ್ಬ ಕಳೆದ ಮೊದಲ ಸೋಮವಾರ ಕೃಷಿಕೂಲಿಗಳು ಅಲಂಕರಿಸಿದ ನೇಗಿಲನ್ನು ಮನೆಮನೆಗೆ ಎಳೆದೊಯ್ದು ಹಣ ಕೇಳುವ 'ಪ್ಲೌ ಮಂಡೆ' ಎಂಬ ರೂಢಿಯಿತ್ತು.

ಗುಳ್ಳವ್ವ

ಆಷಾಢದ ಮಂಗಳವಾರಗಳಂದು ಹೆಣ್ಣುಮಕ್ಕಳು ಮಣ್ಣು ತಂದು ಗುಳ್ಳವ್ವನನ್ನು ಮಾಡಿ, ಗುಲಗಂಜಿ ಮತ್ತು ಹೂಗಳಿಂದ ಸಿಂಗರಿಸುತ್ತಾರೆ. ಕೊನೆಯ ವಾರ ಬುತ್ತಿ ಕಟ್ಟಿಕೊಂಡು ಊರ ಹೊರಗೆ ಹೋಗಿ, ಒಟ್ಟಿಗೆ ಉಂಡು ಅವಳನ್ನು ಕಳುಹಿಸುತ್ತಾರೆ.

ನಾಗರ ಪಂಚಮಿ

ಶ್ರಾವಣದ ಈ ಹಬ್ಬ ಹೆಣ್ಣುಮಕ್ಕಳ ತವರಿನ ಹಬ್ಬ. ಅಣ್ಣತಮ್ಮಂದಿರು ಹೋಗಿ ಅಕ್ಕತಂಗಿಯರನ್ನು ಕರೆತರುತ್ತಾರೆ. ಹಿಂದಿನ ದಿನಗಳಲ್ಲಿ ರೊಟ್ಟಿ ಹಬ್ಬ. ಅನಂತರ ಕಲ್ಲುನಾಗರಕ್ಕೂ ಮನೆಯ ಮಣ್ಣಿನ ನಾಗಪ್ಪನಿಗೂ ಹಾಲೆರೆಯುತ್ತಾರೆ. ಅಳ್ಳಿಟ್ಟು, ತಂಬಿಟ್ಟು, ಶೇಂಗಾ ಉಂಡಿ, ಎಳ್ಳಿನ ಚಿಗಳಿ ಈ ಹಬ್ಬದ ತಿನಿಸುಗಳು. ಮರಗಳಿಗೆ ಜೋಕಾಲಿ ಕಟ್ಟುವುದೂ ನಿಂಬೆಹಣ್ಣು ಎಸೆಯುವ ಪಂದ್ಯಗಳೂ ಹಬ್ಬದ ಸಂಭ್ರಮವನ್ನು ಹೆಚ್ಚಿಸುತ್ತವೆ.

ಗಣಪ ಮತ್ತು ಜೋಕುಮಾರ

ಭಾದ್ರಪದ ಶುದ್ಧ ಚೌತಿಯಂದು ಗಣಪನೂ ಅಷ್ಟಮಿಯಂದು ಜೋಕುಮಾರನೂ ಬರುತ್ತಾರೆ. ಕುಂಬಾರರು ಮಾಡಿದ ಜೋಕುಮಾರನನ್ನು ಅಂಬಿಗ ಸಮುದಾಯದ ಮಹಿಳೆಯರು ಬುಟ್ಟಿಯಲ್ಲಿಟ್ಟು, ಬೇವಿನ ಸೊಪ್ಪು ಮುಡಿಸಿ, ಬಾಯಿಗೆ ಬೆಣ್ಣೆ ಸವರಿ, ಹಾಡುತ್ತ ಮನೆಮನೆಗೆ ಹೊತ್ತು ತಿರುಗುತ್ತಾರೆ. ಮನೆಯವರು ಮೊರದಲ್ಲಿ ಜೋಳ ನೀಡಿದರೆ, ಮರಳಿ ಬೇವಿನ ಎಲೆ ಮತ್ತು ನುಚ್ಚು ದೊರೆಯುತ್ತದೆ. ಅದನ್ನು ರೈತರು ಹೊಲಕ್ಕೆ ಚೆಲ್ಲುತ್ತಾರೆ. ಏಳು ದಿನಗಳ ಬಾಳು ಮುಗಿಸಿ ಅನಂತನ ಹುಣ್ಣಿಮೆಯ ರಾತ್ರಿ ಜೋಕುಮಾರ ಸಾಯುತ್ತಾನೆ.

ಜನಪದ ನಂಬಿಕೆಯಂತೆ ಗಣಪ ಕಡಬು ಉಂಡು ಹೋಗಿ, ಭೂಲೋಕದ ಜನ ಸುಖವಾಗಿದ್ದಾರೆಂದು ಶಿವನಿಗೆ ತಿಳಿಸುತ್ತಾನೆ. ಜೋಕುಮಾರನಾದರೋ ಕೇರಿ, ಹೊಲಗಳಲ್ಲಿ ಅಲೆದು, ಮಳೆಯಿಲ್ಲದ ಬವಣೆಯನ್ನು ಕಂಡು ಹೇಳುತ್ತಾನೆ. ಆಗ ಶಿವ ಮಳೆ ಕರುಣಿಸುತ್ತಾನೆ. ಈ ಕಥೆಯ ಹಿಂದೆ ರೈತನ ಅನುಭವವಿದೆ. ಭಾದ್ರಪದವು ಮುಂಗಾರಿ ಬೆಳೆ ಕೈಸೇರುವ, ಹಿಂಗಾರಿ ಬಿತ್ತನೆಗೆ ನೆಲ ಹದಗೊಳ್ಳಬೇಕಾದ ಕಾಲ. ಆಗ ಮಳೆ ಕೈಕೊಟ್ಟರೆ ಬಿಳಿಜೋಳವೂ ಇಲ್ಲ, ಕಡಲೆಯೂ ಇಲ್ಲ.

ಬದಲಾವಣೆಗಳು

ಟ್ರ್ಯಾಕ್ಟರುಗಳು ಬಂದ ಮೇಲೆ ಅನೇಕ ರೈತರ ಕೊಟ್ಟಿಗೆಗಳಲ್ಲಿ ಎತ್ತುಗಳಿಲ್ಲ. ಆದರೂ ಜಗಲಿಯ ಮೇಲೆ ಮಣ್ಣೆತ್ತುಗಳ ಪೂಜೆ ನಿಂತಿಲ್ಲ. ಮನೆಯಲ್ಲಿ ಮಣ್ಣು ಕಲಸುವುದು ಕಡಿಮೆಯಾಗಿ, ಪೇಟೆಯಲ್ಲಿ ಕೊಳ್ಳುವುದು ಹೆಚ್ಚಾಗಿದೆ. ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಗಣಪ ನೀರಿನಲ್ಲಿ ಬೇಗ ಕರಗದೆ ಕೆರೆ-ಬಾವಿಗಳನ್ನು ಕೆಡಿಸುವುದರಿಂದ, ರಾಜ್ಯದಲ್ಲಿ ಅಂಥ ಮೂರ್ತಿಗಳನ್ನು ನಿಷೇಧಿಸಲಾಗಿದೆ. ಜೋಕುಮಾರನ ಹಬ್ಬದ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ಉಳಿದ ನಾಲ್ಕನ್ನು ಯಾವ ಮನೆಯವರಾದರೂ ತಾವೇ ಆಚರಿಸಬಹುದು. ಜೋಕುಮಾರನಿಗೆ ಮೂರ್ತಿ ಮಾಡುವ ಕುಂಬಾರರೂ, ಹೊತ್ತು ಹಾಡುವ ಮಹಿಳೆಯರೂ, ಕಾಳು ನೀಡುವ ರೈತರೂ ಬೇಕು. ಹಾಡುಗಳು ಪುಸ್ತಕದಿಂದಲ್ಲ, ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಾಯಿಂದ ಬಾಯಿಗೆ ಬರುವುದರಿಂದ, ಹೊರುವವರಿಲ್ಲದ ಊರಿನಲ್ಲಿ ಹಬ್ಬದೊಂದಿಗೆ ಹಾಡುಗಳೂ ಇಲ್ಲವಾಗುತ್ತವೆ.