ಡಿಸ್ಚಾರ್ಜ್ ಬುಕ್ಕಿನಲ್ಲಿ ಮಗಳ ಹೆಸರು ಇದೆಯೇ?

ಮಾಜಿ ಸೈನಿಕನಿಗೆ ಕ್ಯಾಂಟೀನ್ ಕಾರ್ಡ್ ಸಿಗುತ್ತದೆ ಎಂಬುದು ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಹಳ್ಳಿಗೂ ಗೊತ್ತು. ಅದೇ ಮಾಜಿ ಸೈನಿಕನ ಮಗಳು ಇಂಜಿನಿಯರಿಂಗೋ ನರ್ಸಿಂಗೋ ಸೇರಿದರೆ ವರ್ಷಕ್ಕೆ 36,000 ರೂಪಾಯಿ ಅವಳ ಖಾತೆಗೇ ಬರಬಹುದು ಎಂಬುದು ಎಷ್ಟೋ ಸಲ ಮನೆಯವರಿಗೇ ಗೊತ್ತಿರುವುದಿಲ್ಲ. ಗೊತ್ತಾಗುವ ಹೊತ್ತಿಗೆ ಅವಳು ಎರಡನೇ ವರ್ಷಕ್ಕೆ ಬಂದಿರುತ್ತಾಳೆ. ಆಗ ಅರ್ಜಿಯ ಬಾಗಿಲು ಮುಚ್ಚಿರುತ್ತದೆ.

ನಾನು ಸೇನೆಯಲ್ಲಿ ಹವಾಲ್ದಾರ್ ಕ್ಲರ್ಕ್ ಆಗಿದ್ದು ಪಿಂಚಣಿಗೆ ಬಂದವನು. ಊರು ಆಳಂದ ತಾಲ್ಲೂಕು, ಅಮರ್ಜಾ ನದಿಯ ದಂಡೆ. ಬಂದೂಕಿಗಿಂತ ಹೆಚ್ಚು ಕಾಗದ ಹಿಡಿದವನಾದ್ದರಿಂದ, ನಿವೃತ್ತಿಯ ನಂತರವೂ ಕಾಗದ ನನ್ನನ್ನು ಬಿಟ್ಟಿಲ್ಲ. ಪಿಯುಸಿ ಫಲಿತಾಂಶ ಬಂದ ಕೂಡಲೇ ಫೋನು ಶುರುವಾಗುತ್ತದೆ. "ಸಾಹೇಬ್ರ, ನಮ್ಮ ಮಗಳು ಬಿ.ಇ. ಎರಡನೇ ವರ್ಷ ಓದ್ಲಿಕತ್ತಾಳ. ಈಗ ಅರ್ಜಿ ಹಾಕಿದ್ರ ನಡೀತದೇನ್ರಿ?" ಇಂಥ ಪ್ರಶ್ನೆಗೆ ಇಲ್ಲ ಎನ್ನುವುದು ನನಗೆ ಬಹಳ ಕಷ್ಟದ ಕೆಲಸ. ಆ ಹುಡುಗಿ ಅಂಕದಲ್ಲಿ ಹಿಂದೆ ಬಿದ್ದವಳಲ್ಲ, ಅಪ್ಪ ಸೇವೆಯಲ್ಲಿ ಹಿಂದೆ ಬಿದ್ದವನಲ್ಲ. ಹೇಳುವವರು ಇರಲಿಲ್ಲ, ಅಷ್ಟೇ.

ಕೊಡಗಿನಲ್ಲೋ ಬೆಳಗಾವಿ ಜಿಲ್ಲೆಯಲ್ಲೋ ಹೀಗಾಗುವುದು ಕಡಿಮೆ. ಅಲ್ಲಿ ಒಂದು ಓಣಿಯಲ್ಲಿ ನಾಲ್ಕು ಮನೆಗೆ ಒಬ್ಬ ನಿವೃತ್ತ ಸುಬೇದಾರ ಸಿಗುತ್ತಾನೆ. ಬೆಳಗಾವಿಯಲ್ಲಂತೂ ಮರಾಠಾ ಲಘು ಪದಾತಿದಳದ ಕೇಂದ್ರವೇ ಇದೆ. ನಮ್ಮದು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ನಾಡು. ಭಾರತೀಯ ಸೇನೆಗೆ ಹೋಗುವ ರೂಢಿ ಇಲ್ಲಿ ತಡವಾಗಿ ಬಂತು. ತೊಗರಿ ಹೊಲ, ಭೀಮಾ ದಂಡೆಯ ಕಬ್ಬು ಬಿಟ್ಟು ಫೌಜಿಗೆ ಹೋದವನು ಊರಿಗೆ ಒಬ್ಬನೋ ಇಬ್ಬರೋ. ಕಚೇರಿ ಕೆಲಸಕ್ಕೆ ಕಲಬುರಗಿಗೆ ಹೋಗಬೇಕೆಂದರೆ ಅಫಜಲಪುರದ ಗಡಿ ಹಳ್ಳಿಯವರಿಗೆ ದಿನವೆಲ್ಲ ಅದರಲ್ಲೇ ಮುಗಿಯುತ್ತದೆ. ಅದಕ್ಕೇ ಈ ಬರಹ.

ಮೊದಲು ಹೇಳಿದ ಹಣದ ಹೆಸರು ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಯೋಜನೆ. 2006-07ರಲ್ಲಿ ಶುರುವಾದದ್ದು. ರಾಷ್ಟ್ರೀಯ ರಕ್ಷಣಾ ನಿಧಿಯಿಂದ ಹಣ ಬರುತ್ತದೆ, ಕೇಂದ್ರೀಯ ಸೈನಿಕ ಮಂಡಳಿ ಹಂಚುತ್ತದೆ. 2019ರಲ್ಲಿ ಮೊತ್ತ ಹೆಚ್ಚಿಸಿದರು: ಹುಡುಗಿಯರಿಗೆ ತಿಂಗಳಿಗೆ 3,000, ಹುಡುಗರಿಗೆ 2,500 ರೂಪಾಯಿ. ಇಡೀ ದೇಶಕ್ಕೆ ವರ್ಷಕ್ಕೆ 5,500 ವಿದ್ಯಾರ್ಥಿವೇತನ, ಅರ್ಧ ಹುಡುಗಿಯರಿಗೆ, ಅರ್ಧ ಹುಡುಗರಿಗೆ. ಮಾಜಿ ಸೈನಿಕರ ಮಕ್ಕಳು ಮತ್ತು ಸೈನಿಕರ ವಿಧವೆಯರು ಅರ್ಹರು. ಕೋಸ್ಟ್ ಗಾರ್ಡ್‌ನಿಂದ ನಿವೃತ್ತರಾದವರ ಮನೆಯವರೂ ಇದರಲ್ಲಿ ಸೇರಿದ್ದಾರೆ.

ಷರತ್ತುಗಳು ಕಠಿಣವಲ್ಲ, ಆದರೆ ಬಿಗಿಯಾಗಿವೆ. ಕೋರ್ಸಿಗೆ ಸೇರಲು ಆಧಾರವಾದ ಪರೀಕ್ಷೆಯಲ್ಲಿ ಶೇ 60 ಅಂಕ ಬೇಕು. ಬಿ.ಇ., ನರ್ಸಿಂಗ್‌ಗೆ ಪಿಯುಸಿ ಅಂಕ, ಬಿ.ಇಡಿ., ಎಂಬಿಎಗೆ ಪದವಿಯ ಅಂಕ ನೋಡುತ್ತಾರೆ. ಕೋರ್ಸು ವೃತ್ತಿಪರ ಅಥವಾ ತಾಂತ್ರಿಕವಾಗಿರಬೇಕು: ಬಿ.ಇ., ಎಂಬಿಬಿಎಸ್, ಬಿಡಿಎಸ್, ಬಿ.ಫಾರ್ಮಾ, ಬಿ.ಇಡಿ., ಬಿಬಿಎ, ಬಿಸಿಎ ಇಂಥವು. ಸಾದಾ ಬಿ.ಎ., ಬಿ.ಕಾಂ.ಗೆ ಇದು ಇಲ್ಲ. ದೂರಶಿಕ್ಷಣಕ್ಕೂ ಇಲ್ಲ. ಎಲ್ಲಕ್ಕಿಂತ ಮುಖ್ಯ, ಮೊದಲ ವರ್ಷದಲ್ಲಿ ಇರುವಾಗಲೇ ಅರ್ಜಿ ಹಾಕಬೇಕು. ಆಯ್ಕೆಯಾದರೆ ಕೋರ್ಸು ಮುಗಿಯುವವರೆಗೆ, ಗರಿಷ್ಠ 5 ವರ್ಷ, ಹಣ ಬರುತ್ತದೆ. ಪ್ರತಿ ವರ್ಷ ಶೇ 50 ಅಂಕ ಪಡೆದು ನವೀಕರಿಸಿಕೊಳ್ಳಬೇಕು.

ಆಯ್ಕೆಗೆ ಆರು ವರ್ಗಗಳ ಆದ್ಯತೆ ಇದೆ. ಯುದ್ಧದಲ್ಲಿ ಮಡಿದವರ ಮನೆಯವರು ಮೊದಲು, ಗಾಯಗೊಂಡು ಸೇವೆ ಬಿಟ್ಟವರ ಮಕ್ಕಳು ನಂತರ, ಹೀಗೆ ಇಳಿದು ಆರನೆಯದರಲ್ಲಿ ನಮ್ಮಂಥ ಸಾಮಾನ್ಯ ಮಾಜಿ ಸೈನಿಕರ ಮಕ್ಕಳು. ಆರನೇ ವರ್ಗದಲ್ಲಿ ಅಧಿಕಾರಿಗಳ ಮಕ್ಕಳಿಗೆ ಜಾಗವಿಲ್ಲ. ಜವಾನನಿಂದ ಜೆಸಿಓವರೆಗಿನವರಿಗೆ ಮಾತ್ರ. ಶೇ 60 ಎಂಬುದು ಅರ್ಜಿ ಹಾಕಲು ಬೇಕಾದ ಕನಿಷ್ಠ, ಆಯ್ಕೆ ಅಂಕದ ಪಟ್ಟಿಯ ಮೇಲೆ. ಅರ್ಜಿ ಕೇಂದ್ರೀಯ ಸೈನಿಕ ಮಂಡಳಿಯ ಜಾಲತಾಣದಲ್ಲೇ ತುಂಬಬೇಕು. ಮಾಜಿ ಸೈನಿಕ ಎಂಬ ಪ್ರಮಾಣಪತ್ರಕ್ಕೆ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯ ಸಹಿ, ವ್ಯಾಸಂಗ ಪ್ರಮಾಣಪತ್ರಕ್ಕೆ ಕಾಲೇಜಿನ ಸಹಿ ಆಗಬೇಕು. ಕಾಲೇಜಿನ ಸಹಿಗೇ ವಾರಗಟ್ಟಲೆ ಓಡಾಡಿದ ಮಕ್ಕಳನ್ನು ಕಂಡಿದ್ದೇನೆ. ಆದ್ದರಿಂದ ಪ್ರವೇಶದ ಶುಲ್ಕ ಕಟ್ಟುವ ದಿನವೇ ಆ ನಮೂನೆಯನ್ನು ಪ್ರಾಂಶುಪಾಲರ ಮುಂದಿಡಿ ಎನ್ನುತ್ತೇನೆ.

ಇನ್ನು ನಿಜವಾದ ತೊಡಕಿಗೆ ಬರೋಣ. ಅದು ಹೆಸರು ಮತ್ತು ಜನ್ಮದಿನಾಂಕ.

ಸೈನಿಕನ ಮನೆಯಲ್ಲಿ ಮಗು ಹುಟ್ಟಿದರೆ ಅವನ ಯುನಿಟ್ಟಿನಲ್ಲಿ 'ಪಾರ್ಟ್ ಟು ಆರ್ಡರ್' ಹೊರಡಿಸುತ್ತಾರೆ. ಅದರಲ್ಲಿ ಮಗುವಿನ ಹೆಸರು, ಹುಟ್ಟಿದ ದಿನ ದಾಖಲಾಗುತ್ತದೆ. ಸೇವೆ ಮುಗಿದಾಗ ಕೊಡುವ ಡಿಸ್ಚಾರ್ಜ್ ಬುಕ್ಕಿಗೆ ಆ ಹೆಸರುಗಳೇ ಬರುತ್ತವೆ. ಮುಂದೆ ಯಾವ ಸೌಲಭ್ಯ ಕೇಳಿದರೂ ಕಚೇರಿಯವರು ತೆರೆದು ನೋಡುವುದು ಆ ಪುಟವನ್ನೇ. ನಮ್ಮ ಕಡೆ ಏನಾಗುತ್ತದೆ ಎಂದರೆ, ಅಪ್ಪ ಸಿಯಾಚಿನ್‌ನಲ್ಲೋ ಅಸ್ಸಾಮಿನಲ್ಲೋ ಇರುತ್ತಾನೆ, ಮಗುವನ್ನು ಶಾಲೆಗೆ ಹಾಕುವವರು ಅಜ್ಜ ಅಥವಾ ಸೋದರಮಾವ. ಮಾಸ್ತರರು ಹುಟ್ಟಿದ ತಾರೀಖು ಕೇಳಿದರೆ ನೆನಪಿರುವುದಿಲ್ಲ, ಜೂನ್ 1 ಎಂದು ಬರೆದುಕೊಳ್ಳುತ್ತಾರೆ. ಯುನಿಟ್ಟಿನ ದಾಖಲೆಯಲ್ಲಿ ಮಾರ್ಚ್ ಇರುತ್ತದೆ. ಮನೆಯಲ್ಲಿ ಕರೆಯುವ ಹೆಸರು ಅಂಬು, ಶಾಲೆಯಲ್ಲಿ ಅಂಬಿಕಾ. ಅಪ್ಪ ಸೇನೆಯಲ್ಲಿ ಶರಣಪ್ಪ, ಮಗಳ ಅಂಕಪಟ್ಟಿಯಲ್ಲಿ ಶರಣಬಸಪ್ಪ. ಅಡ್ಡಹೆಸರು ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ. ಹತ್ತನೇ ತರಗತಿ ಅಂಕಪಟ್ಟಿ, ಆಧಾರ್, ಡಿಸ್ಚಾರ್ಜ್ ಬುಕ್ ಮೂರೂ ಮೂರು ಮಾತು ಹೇಳಿದರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ಇದನ್ನು ಸರಿಪಡಿಸಬಹುದು. ಜನನ ಪ್ರಮಾಣಪತ್ರ, ಅಫಿಡವಿಟ್, ಶಾಲೆಯ ದಾಖಲೆ ಜೋಡಿಸಿ ಸೈನಿಕ ಕಲ್ಯಾಣ ಕಚೇರಿಯ ಮೂಲಕ ನಿಮ್ಮ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆಯಬೇಕು. ಮರಾಠಾದವರಿಗೆ ಅದು ಬೆಳಗಾವಿ, ಎಂಇಜಿಯವರಿಗೆ ಬೆಂಗಳೂರು, ತೋಪಖಾನೆಯವರಿಗೆ ನಾಸಿಕ್, ಇಎಂಇಯವರಿಗೆ ಸಿಕಂದರಾಬಾದ್. ಉತ್ತರ ಬರಲು ತಿಂಗಳುಗಳು ಹಿಡಿಯುತ್ತವೆ. ಆದ್ದರಿಂದ ಮಗು ಎಂಟನೇ ಒಂಬತ್ತನೇ ತರಗತಿಯಲ್ಲಿ ಇರುವಾಗಲೇ ಈ ಕೆಲಸ ಮುಗಿಸಿ. ಹತ್ತನೇ ಅಂಕಪಟ್ಟಿ ಅಚ್ಚಾದ ಮೇಲೆ ಅದನ್ನು ತಿದ್ದಿಸುವುದು ಇನ್ನೂ ಕಷ್ಟ.

ಎರಡನೆಯ ನೆರವು ಶಾಲಾ ಮಕ್ಕಳಿಗೂ ಸಿಗುವಂಥದ್ದು, ನಮ್ಮ ಭಾಗಕ್ಕೆ ಇದೇ ಹೆಚ್ಚು ಉಪಯೋಗದ್ದು ಎಂದು ನನ್ನ ಅಭಿಪ್ರಾಯ. ರಕ್ಷಣಾ ಮಂತ್ರಿಗಳ ಮಾಜಿ ಸೈನಿಕರ ಕಲ್ಯಾಣ ನಿಧಿಯಿಂದ ಒಂದನೇ ತರಗತಿಯಿಂದ ಪದವಿಯವರೆಗೆ ಇಬ್ಬರು ಮಕ್ಕಳಿಗೆ ಶಿಕ್ಷಣ ಅನುದಾನ ಕೊಡುತ್ತಾರೆ. ಹವಾಲ್ದಾರ್ ಅಥವಾ ಅದಕ್ಕಿಂತ ಕೆಳಗಿನ ದರ್ಜೆಯವರ ಮಕ್ಕಳಿಗೆ ಮಾತ್ರ. ನೌಕಾಪಡೆ, ವಾಯುಪಡೆಯ ಸಮಾನ ದರ್ಜೆಯವರಿಗೂ ಇದೆ. ಮಗುವಿಗೆ ತಿಂಗಳಿಗೆ 1,000 ರೂಪಾಯಿ ಇದ್ದದ್ದನ್ನು 2,000ಕ್ಕೆ ಏರಿಸಿದ್ದಾರೆ. 2025ರ ನವೆಂಬರ್ 1ರಿಂದ ಸಲ್ಲಿಸುವ ಅರ್ಜಿಗಳಿಗೆ ಹೊಸ ಮೊತ್ತ. ಇಬ್ಬರು ಮಕ್ಕಳಿದ್ದರೆ ವರ್ಷಕ್ಕೆ 48,000 ರೂಪಾಯಿ. ಅಫಜಲಪುರದ ಪದವಿ ಕಾಲೇಜಿನಲ್ಲಿ ಬಿ.ಎ. ಓದುವ ಹುಡುಗನಿಗೆ ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಸಿಗದು, ಈ ಅನುದಾನ ಸಿಗಬಹುದು. ಸೈನಿಕನ ವಿಧವೆ ಎರಡು ವರ್ಷದ ಸ್ನಾತಕೋತ್ತರ ಪದವಿ ಓದುವುದಾದರೆ ಆಕೆಗೂ ಇದೆ. ಈ ನಿಧಿಗೆ ಹಣ ಬರುವುದು ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿಯಿಂದ. ಡಿಸೆಂಬರ್ 7ರಂದು ಶಾಲೆಯಲ್ಲಿ ಚಿಕ್ಕ ಧ್ವಜ ಕೊಂಡು ಅಂಗಿಗೆ ಚುಚ್ಚಿಕೊಂಡದ್ದು ನೆನಪಿದೆಯಲ್ಲ, 1949ರಿಂದ ನಡೆದು ಬಂದ ಆ ಸಂಗ್ರಹವೇ.

ಜೇವರ್ಗಿ ಕಡೆಯ ಒಬ್ಬ ತಾಯಿ ಇದಕ್ಕೆ ಅರ್ಜಿ ಹಾಕಲು ಒಪ್ಪಿರಲಿಲ್ಲ. ಗಂಡ ನಾಯಕ್ ಆಗಿದ್ದು ನಿವೃತ್ತಿಯ ನಂತರ ತೀರಿಹೋಗಿದ್ದರು. "ಪಿಂಚಣಿ ಬರ್ಲಿಕತ್ತದಲ್ರಿ ಅಣ್ಣಾ, ಮತ್ತೊಂದು ಕೇಳಿದ್ರ ಇದೂ ನಿಂತೀತು ಅಂತ ಅಂಜಿಕಿ" ಅಂದರು. ಆ ಅಂಜಿಕೆ ಅವರೊಬ್ಬರದ್ದಲ್ಲ, ಆದ್ದರಿಂದ ಸ್ಪಷ್ಟವಾಗಿ ಬರೆಯುತ್ತೇನೆ: ಪಿಂಚಣಿ ಬೇರೆ, ಇದು ಬೇರೆ. ಶಿಕ್ಷಣ ಅನುದಾನ ಕೇಳಿದರೆ ಕುಟುಂಬ ಪಿಂಚಣಿಗೆ ಏನೂ ಆಗುವುದಿಲ್ಲ. ಆ ಮಗುವಿನ ಓದಿಗೆ ಸರ್ಕಾರದಿಂದಲೋ ನೌಕರಿ ಕೊಟ್ಟವರಿಂದಲೋ ಬೇರೆ ಶಿಕ್ಷಣ ಭತ್ಯೆ ಪಡೆಯುತ್ತಿಲ್ಲ ಎಂದು ಮಾತ್ರ ಬರೆದುಕೊಡಬೇಕು. ಇವಲ್ಲದೆ ರಾಜ್ಯದ ಸೈನಿಕ ಕಲ್ಯಾಣ ಇಲಾಖೆ ಪುಸ್ತಕ ಅನುದಾನ ಮತ್ತು ಶಿಷ್ಯವೇತನಕ್ಕೆ ಪ್ರತ್ಯೇಕವಾಗಿ ಅರ್ಜಿ ಕರೆಯುತ್ತದೆ. ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿ ಬರುವ ಅದನ್ನು ಕತ್ತರಿಸಿಟ್ಟುಕೊಳ್ಳಿ.

ಯಾರು ಮಾಜಿ ಸೈನಿಕ? ಭೂಸೇನೆ, ನೌಕಾಪಡೆ, ವಾಯುಪಡೆಯಿಂದ ಪಿಂಚಣಿ ಪಡೆದು ಬಂದವರು, ಸೇವೆಯ ಕಾರಣಕ್ಕೆ ಅಂಗವಿಕಲರಾಗಿ ಬಿಡುಗಡೆಯಾದವರು, ಒಪ್ಪಂದದ ಅವಧಿ ಮುಗಿಸಿ ಗ್ರಾಚ್ಯುಟಿಯೊಂದಿಗೆ ಬಂದವರು. ಪಿಂಚಣಿಗೆ ಅರ್ಹತೆ ಬರುವ ಮೊದಲೇ ತಾನಾಗಿ ಬಿಟ್ಟು ಬಂದವನು, ಶಿಸ್ತುಕ್ರಮದಲ್ಲಿ ವಜಾ ಆದವನು ಇದರಲ್ಲಿ ಬರುವುದಿಲ್ಲ. ಬಿಎಸ್ಎಫ್, ಸಿಆರ್‌ಪಿಎಫ್‌ನಿಂದ ಬಂದವರನ್ನೂ ನಮ್ಮ ಊರುಗಳಲ್ಲಿ ಮಿಲಿಟ್ರಿಯವರು ಎಂದೇ ಕರೆಯುತ್ತೇವೆ. ಅವರ ದುಡಿಮೆ ಕಡಿಮೆಯದಲ್ಲ, ಆದರೆ ಅವರ ದಾರಿ ಬೇರೆ. ಅವರ ಮಕ್ಕಳಿಗೂ ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಇದೆ, ಅದನ್ನು ಗೃಹ ಮಂತ್ರಾಲಯ ನೋಡಿಕೊಳ್ಳುತ್ತದೆ, ಅರ್ಜಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ. ಸೈನಿಕ ಕಲ್ಯಾಣ ಕಚೇರಿಗೆ ಬಂದು ಬರಿಗೈಯಲ್ಲಿ ಹೋಗಬೇಡಿ.

ಹಣದಷ್ಟೇ ಬೆಲೆಯದ್ದು ಸೀಟು. ಸಿಇಟಿಗೆ ಅರ್ಜಿ ತುಂಬುವಾಗ ಮಾಜಿ ಸೈನಿಕರ ಮಕ್ಕಳಿಗೆ ವಿಶೇಷ ಪ್ರವರ್ಗವಿದೆ. ಅಪ್ಪನ ವರ್ಗಾವಣೆಯಿಂದಾಗಿ ಜಮ್ಮುವಿನಲ್ಲೋ ಜೋಧಪುರದಲ್ಲೋ ಓದಿದ ಮಕ್ಕಳು, 7 ವರ್ಷ ಕರ್ನಾಟಕದಲ್ಲಿ ಓದಿಲ್ಲ ಎಂದು ಹೆದರುತ್ತಾರೆ. ಅಪ್ಪ ಸೇನೆಗೆ ಸೇರುವಾಗ ಕರ್ನಾಟಕದ ಊರನ್ನು ಸ್ವಂತ ಊರೆಂದು ಬರೆಸಿದ್ದರೆ ಅವರಿಗೂ ಅರ್ಹತೆಯ ದಾರಿ ಇದೆ. ಗಡಿಯ ನಮಗೆ ಇದು ಗಮನಿಸಬೇಕಾದ ಸಂಗತಿ. ಅಕ್ಕಲಕೋಟೆ, ಸೊಲ್ಲಾಪುರದ ನೆಂಟರ ವಿಳಾಸ ಕೊಟ್ಟು ಅಲ್ಲಿಯ ಭರ್ತಿಯಲ್ಲಿ ಸೇರಿದವರಿದ್ದಾರೆ. ಅವರ ದಾಖಲೆ ಮಹಾರಾಷ್ಟ್ರದ ಊರನ್ನೇ ಹೇಳುತ್ತದೆ. ಕಲ್ಯಾಣ ಕರ್ನಾಟಕದವರಿಗಿರುವ 371ಜೆ ಮೀಸಲಾತಿ ಪ್ರಮಾಣಪತ್ರ ಇನ್ನೊಂದು ಬೇರೆಯದೇ ಅನುಕೂಲ, ಅದನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಪ್ರತ್ಯೇಕವಾಗಿ ಪಡೆದಿಟ್ಟುಕೊಳ್ಳಿ.

ಚಿಕ್ಕ ಮಕ್ಕಳಿಗೆ ವಿಜಯಪುರದ ಸೈನಿಕ ಶಾಲೆ ಇದೆ, 1963ರಿಂದ. ಆರನೇ ಮತ್ತು ಒಂಬತ್ತನೇ ತರಗತಿಗೆ ಪ್ರವೇಶ ಪರೀಕ್ಷೆ. ಸೈನಿಕರ ಮತ್ತು ಮಾಜಿ ಸೈನಿಕರ ಮಕ್ಕಳಿಗೆ ಶೇ 25 ಮೀಸಲು, 2021-22ರಿಂದ ಹುಡುಗಿಯರಿಗೂ ಪ್ರವೇಶ. ಬೆಳಗಾವಿ, ಬೆಂಗಳೂರಿನ ರಾಷ್ಟ್ರೀಯ ಮಿಲಿಟರಿ ಶಾಲೆಗಳಲ್ಲಿ ಶೇ 70 ಸ್ಥಾನ ಜೆಸಿಓ ಮತ್ತು ಜವಾನರ ಮಕ್ಕಳಿಗೆ. ಕೇಂದ್ರೀಯ ವಿದ್ಯಾಲಯಗಳ ಪ್ರವೇಶದಲ್ಲಿ ಮಾಜಿ ಸೈನಿಕರ ಮಕ್ಕಳು ಮೊದಲ ಆದ್ಯತೆಯ ವರ್ಗದಲ್ಲೇ ಬರುತ್ತಾರೆ.

ಯುದ್ಧದಲ್ಲಿ ಮಡಿದವರ, ಕಾಣೆಯಾದವರ, ಅಂಗವಿಕಲರಾದವರ ಮಕ್ಕಳ ವಿಷಯ ಬೇರೆಯೇ. 1971ರ ಯುದ್ಧದ ನಂತರ ತಂದ ವ್ಯವಸ್ಥೆ ಅದು: ಪದವಿಯವರೆಗೆ ಬೋಧನಾ ಶುಲ್ಕ, ಹಾಸ್ಟೆಲ್, ಪುಸ್ತಕ, ಸಮವಸ್ತ್ರದ ಖರ್ಚು ಸರ್ಕಾರದ್ದು. 2017ರಲ್ಲಿ ಇದಕ್ಕೆ ತಿಂಗಳಿಗೆ 10,000 ರೂಪಾಯಿಯ ಮಿತಿ ಹಾಕಿದ್ದರು. ದೇಶದೆಲ್ಲೆಡೆ ವಿರೋಧ ಬಂತು, 2018ರ ಮಾರ್ಚ್‌ನಲ್ಲಿ ತೆಗೆದರು. ತೆಗೆದದ್ದೇ ಸರಿ.

ಸೈನಿಕನ ಸ್ವಂತ ಓದಿನ ಮಾತೇನು? ಅಮೆರಿಕದಲ್ಲಿ 1944ರ ಜಿ.ಐ. ಮಸೂದೆ ಯುದ್ಧದಿಂದ ಮರಳಿದ ಲಕ್ಷಾಂತರ ಸೈನಿಕರನ್ನೇ ಕಾಲೇಜಿಗೆ ಕಳಿಸಿತು. ನಮ್ಮಲ್ಲಿ ಒತ್ತು ಬಿದ್ದಿರುವುದು ಮಕ್ಕಳ ಮೇಲೆ. ಹತ್ತನೇ ತರಗತಿ ಪಾಸಾಗಿ 15 ವರ್ಷ ಸೇವೆ ಮಾಡಿದವನಿಗೆ ಪದವಿಗೆ ಸಮಾನ ಎಂಬ ಪ್ರಮಾಣಪತ್ರ ಸಿಗುತ್ತದೆ; ಅದು ಕೇಂದ್ರದ ಗ್ರೂಪ್ ಸಿ ನೌಕರಿಗೆ ನಡೆಯುತ್ತದೆ, ಎಂ.ಎ. ಓದಲು ನಡೆಯುವುದಿಲ್ಲ. ಚಿಕ್ಕ ವಯಸ್ಸಿನಲ್ಲೇ ಪಿಂಚಣಿಗೆ ಬರುವ ಜವಾನನ ಓದಿಗೆ ಇನ್ನೂ ದೊಡ್ಡ ಏರ್ಪಾಡು ಆಗಬೇಕೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಅದರಲ್ಲೂ ಅಗ್ನಿವೀರರ ಬಗ್ಗೆ ನನಗೆ ಚಿಂತೆ ಇದೆ. 2022ರಲ್ಲಿ ಘೋಷಣೆಯಾದ ಯೋಜನೆಯ ನಿಯಮದಂತೆ ನಾಲ್ಕು ವರ್ಷ ಮುಗಿಸಿ ಬರುವವರಿಗೆ ಮಾಜಿ ಸೈನಿಕ ಎಂಬ ಸ್ಥಾನ ಇಲ್ಲ. ಹಾಗಾಗಿ ಮೇಲೆ ಹೇಳಿದ ನೆರವುಗಳು ಅವರ ಪಾಲಿಗಿಲ್ಲ. ಅವರಿಗೆ ಇರುವುದು ಬೇರೆ: ಹತ್ತನೇ ತರಗತಿಯ ಮೇಲೆ ಸೇರಿದವರಿಗೆ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹನ್ನೆರಡನೇ ತರಗತಿ ಪ್ರಮಾಣಪತ್ರ, ಮುಂದೆ ಇಗ್ನೋದ ಪದವಿಯಲ್ಲಿ ಅರ್ಧದಷ್ಟು ಕ್ರೆಡಿಟ್ ಸೇನೆಯ ತರಬೇತಿಗೇ. ನಮ್ಮ ಹುಡುಗರು ಇವೆರಡಕ್ಕೂ ಸೇವೆಯಲ್ಲಿದ್ದಾಗಲೇ ಹೆಸರು ನೋಂದಾಯಿಸಬೇಕು. ಮನೆಗೆ ಬಂದ ಮೇಲೆ ಯಾರೂ ಕರೆದು ಕೊಡುವುದಿಲ್ಲ.

ಈಗ ಸೇವೆಯಲ್ಲಿದ್ದು ರಜೆಗೆ ಊರಿಗೆ ಬಂದವರಿಗೆ ಒಂದು ಮಾತು. ಪಂಚಾಯಿತಿಯಿಂದಲೋ ಆಸ್ಪತ್ರೆಯಿಂದಲೋ ಮಗುವಿನ ಜನನ ಪ್ರಮಾಣಪತ್ರ ತೆಗೆಸಿ, ಅದರಲ್ಲಿರುವ ಹೆಸರು, ದಿನಾಂಕವನ್ನೇ ಶಾಲೆಗೂ ಆಧಾರ್‌ಗೂ ಬರೆಸಿ. ಒಂದು ಪ್ರತಿ ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೋಗಿ, ಯುನಿಟ್ ಮುಟ್ಟಿದ ಕೂಡಲೇ ಕ್ಲರ್ಕಿನ ಕೈಗೆ ಕೊಟ್ಟು ಪಾರ್ಟ್ ಟು ಆರ್ಡರ್ ಮಾಡಿಸಿ, ಅದರ ನಂಬರನ್ನು ಮನೆಗೆ ಕಳಿಸಿ. ನಿವೃತ್ತರಾದವರು ಡಿಸ್ಚಾರ್ಜ್ ಬುಕ್, ಪಿಂಚಣಿ ಪಾವತಿ ಆದೇಶ (ಪಿಪಿಓ), ಗುರುತಿನ ಚೀಟಿ, ಮಕ್ಕಳ ಅಂಕಪಟ್ಟಿ, ಆಧಾರ್, ಮಗುವಿನ ಹೆಸರಿನ ಬ್ಯಾಂಕ್ ಪಾಸ್‌ಬುಕ್ ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಟ್ಟುಕೊಂಡು ಸೈನಿಕ ಕಲ್ಯಾಣ ಕಚೇರಿಗೆ ಹೋಗಿ. ಅಲ್ಲಿ ನಿಮ್ಮ ಹೆಸರು ನೋಂದಣಿಯಾಗಿದೆಯೇ ಎಂಬುದನ್ನು ಮೊದಲು ಕೇಳಿ, ಉಳಿದದ್ದು ಆಮೇಲೆ.